ಗಾಡಿಯ ಹಣೆಗೊಂದು ಬಾಯಿ

ನಮ್ಮ ಮನೆಗೆ ಬಂದವರು ಕುಡಿಯಲು ನೀರು ಕೇಳಿದರೆ ನನಗೆ ಒಳಗೊಳಗೇ ಅಳುಕು. ನೀರಿಗೇನೂ ಕೊರತೆಯಿಲ್ಲ. ಕೊಡದ ಮೇಲಿರುವ ಮುಚ್ಚಳದ್ದೇ ಚಿಂತೆ. ಬೆಳ್ಳಗಿನ, ನುಣ್ಣಗಿನ, ಬಿಸಿಲಿಗೆ ಹಿಡಿದರೆ ಮುತ್ತಿನ ಹಾಗೆ ಮಿನುಗುವ ತಗಡಿನ ತುಂಡು ಅದು. ಬಂದವರು ಅದನ್ನು ಎತ್ತಿ, ತಿರುಗಿಸಿ, ಬೆರಳಿನಿಂದ ಬಡಿದು ನೋಡಿ, ಇಂಥ ಮುಚ್ಚಳ ಯಾವ ಅಂಗಡಿಯಲ್ಲಿ ಸಿಕ್ಕಿತೆಂದು ಕೇಳುತ್ತಾರೆ. ನನ್ನ ಹೆಂಡತಿ ಮಹಾದೇವಿ ಉತ್ತರ ಕೊಡುವ ಕೆಲಸ ನನಗೆ ಬಿಟ್ಟು ಒಲೆಯ ಕಡೆ ತಿರುಗುತ್ತಾಳೆ. ನಾನು ಹೇಳಲೇಬೇಕು: ಅದು ಮುಚ್ಚಳವಲ್ಲ, ನನ್ನ ಗಾಡಿಯ ಹಣೆ.

ಹಣೆಯೆಂದರೆ ಬಾನೆಟ್ಟು. ಏಳು ಜನ ಆರಾಮಾಗಿ ಕೂಡುವ ದೊಡ್ಡ ಗಾಡಿ ನನ್ನದು, ಎಸ್‌ಯುವಿ ಅನ್ನುತ್ತಾರಲ್ಲ, ಅದು. ನಮ್ಮ ವಂಶದಲ್ಲಿ ಶೋರೂಮಿನ ಗಾಜಿನ ಬಾಗಿಲು ದಾಟಿ ಮನೆಗೆ ಬಂದ ಮೊದಲನೆಯ ವಾಹನ. ಅದಕ್ಕೂ ಮೊದಲು ಬಂದವೆಲ್ಲ ಬೇರೆಯವರ ಮನೆಯಲ್ಲಿ ಮುಪ್ಪಾಗಿ ನಮ್ಮಲ್ಲಿಗೆ ಬಂದವು. ಇದನ್ನು ಮಾತ್ರ ನಾನು ಮದುಮಗನನ್ನು ಇಟ್ಟ ಹಾಗೆ ಇಟ್ಟಿದ್ದೆ. ಗಾಜಿನ ಮೇಲೆ ಮಕ್ಕಳ ಹೆಸರು ಬರೆಸಲಿಲ್ಲ. ಹಿಂದೆ ಹುಲಿ, ಹದ್ದು ಅಂಟಿಸಲಿಲ್ಲ. ಪೂಜೆಯ ದಿನ ಹಣೆಗೆ ಮೂರು ಬೆರಳಿನ ವಿಭೂತಿ, ಚಕ್ರದ ಕೆಳಗೆ ನಿಂಬೆಹಣ್ಣು, ಅಷ್ಟೇ ಅಲಂಕಾರ. ತೊಳೆಯುವುದನ್ನೂ ಬೇರೆಯವರ ಕೈಗೆ ಕೊಟ್ಟವನಲ್ಲ.

ಅಂಥ ಗಾಡಿಯ ಹಣೆಯನ್ನು ಹರಿತವಾದ ಯಂತ್ರದಿಂದ ಕತ್ತರಿಸಿ ತೆಗೆದು, ಆ ತೂತಿನ ಮೇಲೆ ಕಪ್ಪನೆಯ ಬಾಯೊಂದನ್ನು ಕೂಡಿಸಿದ್ದಾರೆ. ಅಂಗಡಿಯವರು ಅದಕ್ಕೆ ಸ್ಕೂಪು ಅನ್ನುತ್ತಾರೆ. ಎದುರಿನಿಂದ ಬರುವ ಗಾಳಿಯನ್ನು ನುಂಗಿ ಇಂಜಿನ್ನಿಗೆ ಕೊಡುತ್ತದಂತೆ. ಓಟದ ಪಂದ್ಯದ ಗಾಡಿಗಳಿಗೆ ಇರುತ್ತದಂತೆ. ನನ್ನ ಗಾಡಿ ಓಡುವ ದೊಡ್ಡ ಓಟವೆಂದರೆ ಕಲಬುರಗಿಯಿಂದ ಕಮಲಾಪುರಕ್ಕೆ. ಅದೂ ಹಿಂದಿನ ಸೀಟಿನಲ್ಲಿ ಯಾರಿಗಾದರೂ ಹೊಟ್ಟೆ ತೊಳಸಿದರೆ ನಡುವೆ ನಿಂತು ನಿಂತು ಹೋಗುತ್ತದೆ.

ಇದರಿಂದ ಗಾಡಿಯ ಚೆಲುವು ಹೆಚ್ಚಿತೇ, ಶಕ್ತಿ ಹೆಚ್ಚಿತೇ ಎಂದು ಕೇಳುವವರು ಬಹಳ. ಚೆಲುವಿನ ಮಾತು ನನ್ನ ಹತ್ತಿರ ಬೇಡ. ನನ್ನ ಹೊಟ್ಟೆಪಾಡೇ ಅದು. ನಾನು ಕಮಲಾಪುರದ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ಬೇರೆ ಬಾಳೆ ಹಸಿರಿನಿಂದ ಹಳದಿಗೆ ತಿರುಗಿ, ಹಣ್ಣಾದೆ ಬನ್ನಿ ಎಂದು ತಾನೇ ಕರೆಯುತ್ತದೆ. ನಮ್ಮ ಕೆಂಪು ಬಾಳೆಗೆ ಆ ಸಲೀಸು ಇಲ್ಲ. ಅದು ಕಾಯಿ ಇದ್ದಾಗಲೂ ಕೆಂಪು. ಬಣ್ಣಕ್ಕೆ ಮರುಳಾಗಿ ಕೊಂಡು ಮನೆಗೊಯ್ದವರು ಸುಲಿದು ಬಾಯಿಗಿಟ್ಟು ಮುಖ ಹಿಂಡಿಕೊಂಡಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೆಬ್ಬೆರಳಿನಿಂದ ಒತ್ತಿ, ತೊಟ್ಟಿನ ಹತ್ತಿರ ಮೂಸಿ ಹೇಳಬೇಕು, ಇದು ನಾಳೆಗೆ ಬರುತ್ತದೆ, ಇದು ನಾಡಿದ್ದಿಗೆ ಎಂದು. ಆರನೆಯ ತರಗತಿಗೆ ಶಾಲೆ ಬಿಟ್ಟು, ಗೊನೆಗಳಿಗೆ ಒಣಗಿದ ಎಲೆ ಸುತ್ತಿ ಬಸ್ಸಿನ ಮೇಲೆ ಹೇರುತ್ತ ಕಲಿತ ವಿದ್ಯೆ ನನ್ನದು. ಅದರ ಸೊಕ್ಕೂ ಸ್ವಲ್ಪ ಇದೆ. ಹಣ್ಣಿನಲ್ಲಿ, ಬಟ್ಟೆಯಲ್ಲಿ, ಮನುಷ್ಯರಲ್ಲಿ ಬರೀ ಮೇಲಿನ ಥಳಕು ಕಂಡರೆ ನಾನು ಹೇಳುವುದು ಒಂದೇ ಮಾತು: ಖಾಲಿ ಶೋ ನಮಗ ಬ್ಯಾಡ. ಮನೆಯಲ್ಲಿ ಈ ಮಾತು ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿವೆ. ಮುಂದೆ ಗಾಡಿಗೂ ತೂತು ಬಿದ್ದದ್ದು ಇದೇ ಮಾತಿನಿಂದ. ಆದರೆ ಅದಕ್ಕೆ ಮೊದಲು ನಿಮಗೆ ನನ್ನ ಅಕ್ಕನ ವಿಷಯ ಹೇಳಬೇಕು.

ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ ಶಿವಲಿಂಗಮ್ಮ. ಕಮಲಾಪುರಕ್ಕೆ ಮದುವೆಯಾಗಿ ಹೋಗುವಾಗ ಟ್ರಂಕಿನ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅವಳ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ಉಂಡೇ ನಾನು ಇಷ್ಟು ಎತ್ತರ ಬೆಳೆದದ್ದು. ಒಮ್ಮೆ, ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ, ಹೊಸದಾಗಿ ಕಲಿತ ಲೆಕ್ಕದ ಹುಮ್ಮಸ್ಸಿನಲ್ಲಿ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಗಟ್ಟಿಯಾಗಿ ಎಣಿಸತೊಡಗಿದೆ. ಅಕ್ಕ ಬಡಿಯುತ್ತಿದ್ದ ಹಿಟ್ಟಿನ ಕೈಯಿಂದಲೇ ನನ್ನ ಬೆನ್ನಿಗೆ ಒಂದು ಬಾರಿಸಿದಳು. ಬೆನ್ನ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು. ನಮ್ಮ ಕಡೆ ರೊಟ್ಟಿ ಎಣಿಸುವುದಿಲ್ಲ. ಮಾಡುವವಳೂ ಎಣಿಸಬಾರದು, ಉಣ್ಣುವವನೂ ಎಣಿಸಬಾರದು. ಎಣಿಸಿದ ಮನೆಯಲ್ಲಿ ಬರಕತ್ತು, ಅಂದರೆ ಸಮೃದ್ಧಿ, ಉಳಿಯುವುದಿಲ್ಲ ಎಂದು ಅವಳ ಗಟ್ಟಿ ನಂಬಿಕೆ.

ಮುಂದೆ ನಾನು ಕಲಬುರಗಿಗೆ ಬಂದು ಅಂಗಡಿ ಹಾಕಿದೆ, ಮದುವೆಯಾದೆ. ಮಹಾದೇವಿ ಸುಮ್ಮನೆ ಕೂಡುವ ಜಾತಿಯವಳಲ್ಲ. ಓಣಿಯ ಹೆಂಗಸರನ್ನು ಸೇರಿಸಿ ರೊಟ್ಟಿ ಕೇಂದ್ರ ಶುರು ಮಾಡಿದಳು. ಈಗ ನಮ್ಮ ರೋಜಾ ಬಡಾವಣೆಯ ಸುತ್ತಲಿನ ಊಟದ ಮನೆಗಳಿಗೆ, ಮದುವೆ ಮಂಟಪಗಳಿಗೆ ಅವಳ ಕಡಕ್ ರೊಟ್ಟಿಯೇ ಹೋಗುವುದು. ಮಾರಬೇಕೆಂದರೆ ಎಣಿಸಲೇಬೇಕಲ್ಲ. ಶುರುವಾದ ಹೊಸತರಲ್ಲಿ ಒಂದು ದಿನ ಅಕ್ಕ ನಮ್ಮ ಮನೆಗೆ ಬಂದು ತಾಟಿನ ಮುಂದೆ ಕುಳಿತಳು. ಪಡಸಾಲೆಯಲ್ಲಿ ಹೆಂಗಸರು ಗಟ್ಟಿ ದನಿಯಲ್ಲಿ ರೊಟ್ಟಿ ಎಣಿಸಿ ಕಟ್ಟು ಕಟ್ಟುತ್ತಿದ್ದರು. ಅಕ್ಕ ತಾಟನ್ನು ಸರಿಸಿದಳು.

"ಎಣಿಸಿ ಮಾರೂ ಕೈಯಾಗಿನ ರೊಟ್ಟಿ ನಾ ಉಣ್ಣಂಗಿಲ್ಲ, ತಮ್ಮಾ," ಅಂದಳು. ಜಗಳದ ದನಿಯಲ್ಲಿ ಅಲ್ಲ, ಔಷಧ ಬೇಡವೆಂದು ವೈದ್ಯರಿಗೆ ಹೇಳುವ ದನಿಯಲ್ಲಿ.

ಅಂದಿನಿಂದ ಅಕ್ಕ ನಮ್ಮ ಮನೆಗೆ ಬಂದರೆ ತನ್ನ ಬುತ್ತಿ ತಾನೇ ತರುತ್ತಾಳೆ. ಮಹಾದೇವಿ ಪ್ರತಿ ಸಲ ತಾಟು ಹಾಕುತ್ತಾಳೆ. ಅಕ್ಕ ಪಲ್ಯ ನೀಡಿಸಿಕೊಳ್ಳುತ್ತಾಳೆ, ಅನ್ನ ನೀಡಿಸಿಕೊಳ್ಳುತ್ತಾಳೆ, ರೊಟ್ಟಿ ಮಾತ್ರ ತನ್ನ ಗಂಟಿನಿಂದ ತೆಗೆಯುತ್ತಾಳೆ. ಇಬ್ಬರೂ ಮಾತಾಡುತ್ತಾರೆ, ನಗುತ್ತಾರೆ. ಆ ನಗುವಿನ ನಡುವೆ ಕುಳಿತು ರೊಟ್ಟಿ ಮುರಿಯುವ ಕಷ್ಟ ನನಗೊಬ್ಬನಿಗೇ ಗೊತ್ತು. ಊರಿಗೆಲ್ಲ ರೊಟ್ಟಿ ಉಣ್ಣಿಸುವ ಹೆಂಗಸಿಗೆ ಗಂಡನ ಅಕ್ಕ ಒಂದು ತುತ್ತು ಉಣ್ಣಲಿ ಎಂಬ ಆಸೆ. ಅದನ್ನು ಬಾಯಿ ಬಿಟ್ಟು ಹೇಳುವವಳಲ್ಲ. ಅಕ್ಕ ಹೋದ ಮೇಲೆ ಮುಟ್ಟದೆ ಉಳಿದ ಆ ರೊಟ್ಟಿಯನ್ನು ತಾನೇ ಉಣ್ಣುತ್ತಾಳೆ, ಅಷ್ಟೇ.

ಇನ್ನು ಸ್ಕೂಪಿನ ಮಾತು. ಕಳೆದ ಬೇಸಿಗೆಯಲ್ಲಿ ಕಮಲಾಪುರದಿಂದ ಬರುವಾಗ ಎಸಿ ಹಚ್ಚಿದರೆ ಗಾಡಿ ಎಳೆಯುತ್ತಿರಲಿಲ್ಲ. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಗಾಡಿಗೆ ದಮ್ಮು ಹತ್ತುತ್ತದೆ ಎಂದು ನಾನು ನಾಲ್ಕಾರು ಸಲ ಗೊಣಗಿದ್ದಿರಬೇಕು. ಮಹಾದೇವಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಸೀಟಿಗೆ ಹೊಸ ಕವರು ಹಾಕಿಸಲೆಂದು ರೋಜಾದ ಹತ್ತಿರದ ಇಲಿಯಾಸನ ಅಂಗಡಿಯಲ್ಲಿ ಗಾಡಿ ಬಿಟ್ಟು, ನಾನು ಹಣ್ಣು ತರಲು ಹೋದೆ. ಸಂಜೆ ತಿರುಗಿ ಬಂದೆ.

ಮೊದಲು ಅದು ನನ್ನ ಗಾಡಿಯಲ್ಲ ಅಂದುಕೊಂಡೆ. ನಂಬರು ಓದಿದೆ. ನನ್ನದೇ. ಮತ್ತೊಮ್ಮೆ ಓದಿದೆ. ಬಾನೆಟ್ಟಿನ ನಟ್ಟನಡುವೆ, ವಿಭೂತಿ ಹಚ್ಚುತ್ತಿದ್ದ ಜಾಗದಲ್ಲೇ, ಕಪ್ಪನೆಯ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತೆ. ಇಲಿಯಾಸ್ ಹೆಮ್ಮೆಯಿಂದ ಬಂದು, ಮಧ್ಯಾಹ್ನ ಭಾಬಿ ಆಟೋದಲ್ಲಿ ಬಂದು ಹೇಳಿ ಹೋದರೆಂದೂ, ಖರ್ಚೆಲ್ಲ ಅವರದೇ ಎಂದೂ ವಿವರಿಸಿದ. ಸುಮ್ಮನೆ ಮೇಲೆ ಅಂಟಿಸುವುದೂ ಇರುತ್ತದಂತೆ, ಕೆಳಗೆ ತೂತು ಮಾಡಿ ಕೂಡಿಸುವುದೂ ಇರುತ್ತದಂತೆ. ಯಾವುದು ಬೇಕೆಂದು ಅವನು ಕೇಳಿದ್ದಾನೆ.

"ಭಾಬಿ ಬೋಲೇ, ಖಾಲಿ ಶೋ ನಮ್ಮ ಮನ್ಯಾಗ ನಡ್ಯಂಗಿಲ್ಲ, ಅಸಲೀನೇ ಹಾಕು ಅಂತ," ಎಂದು, ಕತ್ತರಿಸಿ ತೆಗೆದ ತುಂಡನ್ನು ಹಾಳೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟ.

ನನ್ನದೇ ಮಾತು. ನಾನು ಯಾರ ಮೇಲೆ ಸಿಟ್ಟಾಗಲಿ? ಮನೆಗೆ ಬಂದು ಬಾಗಿಲಲ್ಲೇ ನಿಂತೆ. ಮಹಾದೇವಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಮೊದಲು ಗಾಡಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. ಅವಳ ತರ್ಕ ಸರಳವಾಗಿತ್ತು. ಒಲೆಗೆ ಗಾಳಿ ಸಾಲದಿದ್ದರೆ ಅವಳು ಅದರ ಬಾಯಿ ದೊಡ್ಡದು ಮಾಡುತ್ತಾಳೆ, ಉರಿ ಚೆನ್ನಾಗಿ ಏಳುತ್ತದೆ. ಗಾಡಿಯೊಳಗೂ ಉರಿಯೇ ಅಲ್ಲವೇ?

"ನನ್ನ ರೊಟ್ಟಿ ರೊಕ್ಕದಾಗ ನಿಮಗೊಂದು ಏನಾರ ಮಾಡ್ಸಬೇಕು ಅಂತಿತ್ರಿ," ಅಂದಳು. "ಅಕ್ಕಾರು ಕೇಳಿದ್ರ ಹಂಗೇ ಹೇಳ್ರಿ."

ಅದನ್ನು ಕೇಳಿ ನನಗೆ ಎರಡನೆಯ ಆಘಾತ. ರೊಟ್ಟಿ ಮಾರುವುದನ್ನೇ ಒಪ್ಪದ ಅಕ್ಕನ ಎದುರಿಗೆ, ರೊಟ್ಟಿ ಮಾರಿದ ದುಡ್ಡನ್ನು ಹಣೆಯ ಮೇಲೆ ಹೊತ್ತುಕೊಂಡು, ಅದೂ ಎಳ್ಳ ಅಮಾವಾಸ್ಯೆಯ ದಿನ ಅವಳ ಹೊಲಕ್ಕೆ ಹೋಗಬೇಕು.

ಹಬ್ಬಕ್ಕೆ ಮುಂಚಿನ ಆ ದಿನಗಳಲ್ಲಿ ಹಣ್ಣಿನ ಮಾರುಕಟ್ಟೆಯವರೆಲ್ಲ ಪುಕ್ಕಟೆ ಅಭಿಪ್ರಾಯ ಕೊಟ್ಟರು. ಒಬ್ಬ ಎಮ್ಮೆ ಮೂಗೆತ್ತಿ ನೀರಿನ ವಾಸನೆ ಹಿಡಿದ ಹಾಗೆ ಕಾಣುತ್ತದೆಂದ. ಇನ್ನೊಬ್ಬ ಗಾಡಿಗೆ ಗಂಡಸುತನ ಬಂತೆಂದ. ಮತ್ತೊಬ್ಬ ಕಾಗದ ಹಾಕುವ ಡಬ್ಬಿಯೇ ಎಂದು ಕೇಳಿ, ನಾನು ತಿರುಗಿ ನೋಡಿದ ಮೇಲೆ ಚೆನ್ನಾಗಿದೆ ಬಿಡ್ರಿ ಎಂದು ಜಾಗ ಖಾಲಿ ಮಾಡಿದ. ನನಗಂತೂ ಒಳ್ಳೆಯ ಮೈಕಟ್ಟಿನ ಮನುಷ್ಯನ ಹಣೆಯ ಮೇಲೆ ಬುಗುಟೆ ಎದ್ದಂತೆ ಕಾಣುತ್ತಿತ್ತು. ಶಕ್ತಿಯ ವಿಷಯ ಕೇಳಿದರೆ, ಗಾಡಿ ಮೊದಲು ಎಷ್ಟು ಓಡುತ್ತಿತ್ತೋ ಅಷ್ಟೇ ಓಡಿತು. ವೇಗ ಹೆಚ್ಚಾದಾಗ ಮಾತ್ರ ಕುಕ್ಕರು ಸೀಟಿ ಹೊಡೆಯುವ ಮುಂಚಿನ ಹಾಗೆ ಸುಯ್ಯೆನ್ನುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಒಳಗಿನ ಕಾವೆಲ್ಲ ಅದರಿಂದ ಹೊರಗೆ ಬಂದು, ಎದುರಿನ ರಸ್ತೆ ನೀರಿನಲ್ಲಿ ಕಂಡಂತೆ ಅಲುಗಾಡುತ್ತಿತ್ತು. ಗಾಳಿ ಒಳಗೆ ತೆಗೆದುಕೊಳ್ಳಲಿ ಎಂದು ಮಾಡಿಸಿದ ಬಾಯಿ ಉಸಿರು ಹೊರಗೆ ಬಿಡುತ್ತಿತ್ತು. ಮಹಾದೇವಿ ಪಕ್ಕದಲ್ಲಿ ಕುಳಿತು, ಹಗುರ ಓಡುತ್ತದಲ್ಲ ಎಂದು ಕೇಳಿದಾಗ ನಾನು ಹೂಂ ಅಂದೆ. ನೀವಾದರೂ ಅಷ್ಟೇ ಅನ್ನುತ್ತಿದ್ದಿರಿ.

ಎಳ್ಳ ಅಮಾವಾಸ್ಯೆ ಬಂತು. ಮಕ್ಕಳಿಗೆ ಪರೀಕ್ಷೆ ಇತ್ತೆಂದು ನಾವಿಬ್ಬರೇ ಹೊರಟೆವು. ಮಹಾದೇವಿ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದ್ದಳು. ದಾರಿಯುದ್ದಕ್ಕೂ ಆ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ.

ಕಮಲಾಪುರದ ಆಚೆ ಅಕ್ಕನ ಹೊಲ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಬನ್ನಿಮರದ ಕೆಳಗೆ ಆಗಲೇ ಬುತ್ತಿ ಬಿಚ್ಚಿದ್ದರು. ಅಕ್ಕ ಗಾಡಿಯ ಸದ್ದು ಕೇಳಿ ಎದ್ದು ಬಂದವಳು ಎದುರಿಗೇ ನಿಂತುಬಿಟ್ಟಳು.

"ತಮ್ಮಾ, ಹಣಿಗಿ ಏನಾಗ್ಯದ? ಎಲ್ಲೆರ ಬಡಕೊಂಡದೇನು?"

"ಗಾಳಿ ತಗೊಳ್ಳಾಕ ಅಕ್ಕಾ. ಅಂಗಡ್ಯಾವ್ರು ಸುಮ್ನ..." ಎಂದು ನಾನು ತಡವರಿಸುತ್ತಿದ್ದೆ.

"ಅಂಗಡ್ಯಾವ್ರಲ್ರಿ ಅಕ್ಕಾರ," ಎಂದಳು ಮಹಾದೇವಿ. "ನಾ ಹಾಕ್ಸೀನಿ. ರೊಟ್ಟಿ ಮಾರಿ."

ಅಕ್ಕ ಸ್ಕೂಪಿನ ಬಾಯೊಳಗೆ ಮಣಿಕಟ್ಟಿನವರೆಗೆ ಕೈ ಹಾಕಿ ತಡವಿದಳು. ತಳವೇ ಇಲ್ಲವಲ್ಲ ಇದಕ್ಕೆ ಎಂದು ತನಗೆ ತಾನೇ ಅಂದುಕೊಂಡು ಹೊರಟು ಹೋದಳು.

ಊಟಕ್ಕೆ ಕುಳಿತೆವು. ಕಾಳು, ಕಾಯಿಪಲ್ಯ, ಬೆಳ್ಳುಳ್ಳಿ ಹಾಕಿ ಗಟ್ಟಿಯಾಗಿ ಕುದಿಸಿದ ಭಜ್ಜಿ, ಸಜ್ಜೆ ಕಡಬು, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಮಹಾದೇವಿ ತನ್ನ ಗಂಟು ಬಿಚ್ಚಿ ನಡುವೆ ಇಟ್ಟಳು. ಅಕ್ಕನ ಗಂಡ ತೆಗೆದುಕೊಂಡರು, ಹೊಲದ ಆಳುಗಳು ತೆಗೆದುಕೊಂಡರು, ಪಕ್ಕದ ಹೊಲದವರೂ ಬಂದು ತೆಗೆದುಕೊಂಡು ಹೊಗಳಿದರು. ನನಗೆ ಭಜ್ಜಿಯ ರುಚಿಯೇ ಹತ್ತಲಿಲ್ಲ. ಅಕ್ಕನ ಕೈ ಯಾವ ಕಡೆ ಹೋಗುತ್ತದೆ ಎಂದೇ ನೋಡುತ್ತಿದ್ದೆ. ಅದು ಅವಳ ಗಂಟಿನ ಕಡೆಗೇ ಹೋಯಿತು. ಮಹಾದೇವಿ ತಲೆಯೆತ್ತದೆ ಉಂಡಳು.

ಊಟವಾದ ಮೇಲೆ ಚರಗ. ನಿಮ್ಮ ಕಡೆ ಇದೆಯೋ ಇಲ್ಲವೋ, ನಮ್ಮಲ್ಲಿ ಆ ದಿನ ಮಾಡಿದ ಅಡುಗೆಯನ್ನೆಲ್ಲ ಕಲಸಿ, ಅನ್ನ ಕೊಟ್ಟ ಹೊಲಕ್ಕೆ ಸುತ್ತಲೂ ಚೆಲ್ಲುತ್ತಾರೆ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಅದು. ಅಕ್ಕ ಬೋಗುಣಿ ಹಿಡಿದು ಹೊಲ ಸುತ್ತಿ ಬಂದಳು. ಎತ್ತಿನ ಬಾಯಿಗಿಟ್ಟಳು. ಟ್ರ್ಯಾಕ್ಟರಿನ ಗಾಲಿಯ ಮುಂದೆ ಒಂದು ಹಿಡಿ ಇಟ್ಟಳು. ಆಮೇಲೆ ಬನ್ನಿಮರದ ಕೆಳಗೆ ಬಂದು, ಮಹಾದೇವಿಯ ಬಿಳಿ ಅರಿವೆಯಿಂದ ಒಂದು ರೊಟ್ಟಿ ಎತ್ತಿದಳು.

ಇಷ್ಟು ವರ್ಷಗಳಲ್ಲಿ ಅಕ್ಕನ ಕೈ ಆ ರೊಟ್ಟಿಯನ್ನು ಮುಟ್ಟಿದ್ದು ಅದೇ ಮೊದಲು. ಮಹಾದೇವಿ ಎದ್ದು ನಿಂತಿದ್ದಳು. ಅಕ್ಕ ರೊಟ್ಟಿಯನ್ನು ಅಂಗೈ ಮೇಲಿಟ್ಟು, ಅದರ ಮೇಲೆ ಉಳಿದ ಭಜ್ಜಿ, ಕಡಬು ಎಲ್ಲ ಸುರಿದು, ನಮ್ಮಿಬ್ಬರನ್ನೂ ದಾಟಿ ನೇರ ಗಾಡಿಯ ಹತ್ತಿರ ಹೋದಳು.

"ಇದೂ ದುಡೀತದಲ್ಲ," ಅಂದಳು. "ಬಾಯಿ ತಕ್ಕೊಂಡು ಕುಂತದ, ಪಾಪ." ಎಂದವಳೇ ಎಲ್ಲವನ್ನೂ ಸ್ಕೂಪಿನೊಳಗೆ ನೂಕಿ, ಒಳಗೆ ಹೋಗಲೆಂದು ಮೇಲಿನಿಂದ ಎರಡು ಬಾರಿ ತಟ್ಟಿದಳು.

ಇಂಜಿನ್ನಿನ ಮೇಲೆ ಭಜ್ಜಿ! ನನ್ನ ಕಣ್ಣ ಮುಂದೆ ವಯರು, ಬೆಲ್ಟು, ಪೈಪುಗಳೆಲ್ಲ ಸಾಲಾಗಿ ಬಂದು ಹೋದವು. ಹಬ್ಬದ ದಿನ ಅಕ್ಕ ಕೈಯಾರೆ ಕೊಟ್ಟ ಚರಗವನ್ನು ಅವಳೆದುರಿಗೇ ಬಾಯಿಯಿಂದ ಕಿತ್ತು ತೆಗೆಯುವುದು ಹೇಗೆ? ತೆಗೆದರೆ ಇವರಿಬ್ಬರ ನಡುವೆ ಉಳಿದ ಆ ಒಂದಿಷ್ಟು ನಗುವೂ ಹೋಗುತ್ತದೆ. ಮಹಾದೇವಿಗೆ ಇಂಜಿನ್ನಿನ ಚಿಂತೆಯಿರಲಿಲ್ಲ. ನನ್ನ ಪಕ್ಕಕ್ಕೆ ಬಂದು, ನನಗಷ್ಟೇ ಕೇಳುವ ಹಾಗೆ ಹೇಳಿದಳು.

"ಮನಷ್ಯಾರ ಬಾಯಿಗಿ ಆಗಲಿಲ್ಲ ನೋಡ್ರಿ ನನ್ನ ರೊಟ್ಟಿ. ಗಾಡಿಗಿ ಹಾಕಿದ್ರು."

ಅಕ್ಕನಿಗೆ ಅಂದು ಕಲಬುರಗಿಗೆ ಬರುವುದಿತ್ತು. ಅಲ್ಲಿನ ಐವಾನ್-ಎ-ಶಾಹಿ ಬಡಾವಣೆಯ ಕಡೆ ಇರುವ ಮಗಳು ಕೂಸು ಎಳೆಯದೆಂದು ಹೊಲಕ್ಕೆ ಬಂದಿರಲಿಲ್ಲ, ಅವಳಿಗೆ ಬುತ್ತಿ ಒಯ್ಯಬೇಕು. ನಾನು ಉಪಾಯ ಹುಡುಕುವಷ್ಟರಲ್ಲಿ ಅಕ್ಕ ಬುತ್ತಿ ಸಮೇತ ಮುಂದಿನ ಸೀಟು ಏರಿ ಆಗಿತ್ತು. ಮಹಾದೇವಿ ಉಳಿದ ರೊಟ್ಟಿಯ ಗಂಟು ಹಿಡಿದು ಹಿಂದೆ ಕುಳಿತಳು. ದೇವರ ಮೇಲೆ ಭಾರ ಹಾಕಿ ಚಾವಿ ತಿರುಗಿಸಿದೆ.

ಕುರಿಕೋಟಾ ಸೇತುವೆಯವರೆಗೆ ಏನೂ ಆಗಲಿಲ್ಲ. ಆಮೇಲೆ ಬೆಳ್ಳುಳ್ಳಿಯ ವಾಸನೆ ಬರತೊಡಗಿತು. ಯಾರೋ ಒಗ್ಗರಣೆ ಹಾಕಿದ್ದಾರೆ ಎಂದು ಅಕ್ಕ ಕಿಟಕಿಯ ಹೊರಗೆ ಒಲೆ ಹುಡುಕಿದಳು. ನಂತರ ಬೆಲ್ಟು ಕಿರುಚಲು ಶುರು ಮಾಡಿತು. ಮಹಾಗಾಂವ ಕ್ರಾಸ್ ಇನ್ನೇನು ಬಂತು ಅನ್ನುವಾಗ ಸ್ಟೇರಿಂಗಿನ ಹಿಂದಿನ ಮೀಟರಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಬೇವಿನ ಮರವೊಂದರ ನೆರಳಿಗೆ ತಂದು ನಿಲ್ಲಿಸಿ, ಬಾನೆಟ್ಟು ಎತ್ತಿದೆ.

ನೋಡಬೇಕಿತ್ತು ನೀವು. ಭಜ್ಜಿ ಬೆಲ್ಟಿನ ಗುಂಟ ಇಳಿದು ನಾಲ್ಕೂ ಕಡೆ ಸಿಡಿದಿತ್ತು. ಕಡಬು ಎಲ್ಲಿ ಹೋಗಿತ್ತೋ ಇಂದಿಗೂ ಗೊತ್ತಿಲ್ಲ. ರೊಟ್ಟಿ ಮಾತ್ರ ಇಂಜಿನ್ನಿನ ಮೇಲಿನ ಚಪ್ಪಟೆ ಮುಚ್ಚಿಗೆಯ ಮೇಲೆ, ಹೆಂಚಿನ ಮೇಲೆ ಹಾಕಿದ ಹಾಗೆ ಅಂಗಾತ ಮಲಗಿತ್ತು. ಅಂಚು ಮೇಲೆದ್ದು ಬಾಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಅದನ್ನು ಎತ್ತಿ ಎಸೆಯಲು ಕೈ ಚಾಚಿದೆ. ಪಕ್ಕದಿಂದ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಅವಳು ಯಾವಾಗ ಇಳಿದು ಬಂದಳೋ ತಿಳಿಯಲಿಲ್ಲ.

"ಚೆಲ್ಲಬ್ಯಾಡ. ಚರಗಾ ಅದು."

ಸೆರಗಿನ ತುದಿಯಿಂದ ರೊಟ್ಟಿ ಎತ್ತಿ, ಊದಿ, ಮುರಿದಳು. ಹಪ್ಪಳ ಮುರಿದಂಥ ಸದ್ದಾಯಿತು. ಎಣ್ಣೆ ಹತ್ತಿರುತ್ತದೆ, ಬೇಡವೆಂದು ಮಹಾದೇವಿ ಹಿಂದಿನಿಂದ ಓಡಿ ಬರುವಷ್ಟರಲ್ಲಿ ಒಂದು ಚೂರು ಬಾಯೊಳಗೆ ಹೋಗಿತ್ತು. ಅಕ್ಕ ಕಣ್ಣು ಸಣ್ಣ ಮಾಡಿಕೊಂಡು ಅಗಿದಳು. ನಾವಿಬ್ಬರೂ ಬಾಯಿ ತೆರೆದುಕೊಂಡು ನೋಡುತ್ತ ನಿಂತೆವು. ಲಾರಿಗಳು ಹಾದು ಹೋದವು. ಅಕ್ಕ ಇನ್ನೊಂದು ಚೂರು ಮುರಿದಳು.

"ಅಕ್ಕಾರ," ಎಂದಳು ಮಹಾದೇವಿ, ಮೆಲ್ಲಗೆ. "ಅದು ನನ್ನ ರೊಟ್ಟಿ ಅದರಿ."

"ಇರ್ಲಿ ಬಿಡು. ನಿನ್ನ ಕೈಯಾಗಿಂದು ನಾ ಎಲ್ಲಿ ತಗೊಂಡೆ? ಗಾಡಿ ಕೊಡ್ತು, ಉಂಡೆ." ಅಕ್ಕ ಅಗಿಯುತ್ತಲೇ ಹೇಳಿದಳು. "ಎಳ್ಳು ಜರಾ ಕಮ್ಮಿ ಹಾಕೀದಿ."

ಹೊಲದಲ್ಲಿ ಆ ಬಾಯಿಗೆ ರೊಟ್ಟಿ ನೂಕುವಾಗಲೇ ಅವಳ ತಲೆಯಲ್ಲಿ ಇದಿತ್ತೋ, ರಸ್ತೆಯ ಮೇಲೆ ಹೊಳೆಯಿತೋ, ನಾನು ಕೇಳಿಲ್ಲ. ಕೇಳಿದರೂ ಹೇಳುವವಳಲ್ಲ. ಪೂರ್ತಿ ಉಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮಹಾದೇವಿಯ ಕಂಕುಳಲ್ಲಿದ್ದ ಗಂಟಿನ ಕಡೆ ನೋಡಿದಳು. ಆಮೇಲೆ ಸ್ಕೂಪಿನ ಕಡೆ ಗದ್ದ ಎತ್ತಿ ತೋರಿಸಿದಳು.

ಮಹಾದೇವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣೊರೆಸಿಕೊಂಡಳೋ ನಕ್ಕಳೋ, ಎರಡೂ ಒಟ್ಟಿಗೇ ಆಯಿತು. ನನ್ನ ಹೆಮ್ಮೆಯ ಗಾಡಿಯ ಬಾನೆಟ್ಟನ್ನು ಅವಳೇ ಇಳಿಸಿದಳು, ಒಂದು ರೊಟ್ಟಿ ತೆಗೆದು ಮೇಲಿನ ಬಾಯೊಳಗೆ ಹಾಕಿದಳು. ನಾನು ಮತ್ತೆ ಬಾನೆಟ್ಟು ಎತ್ತಿ ಹಿಡಿದೆ. ಅಕ್ಕ ಒಳಗಿನಿಂದ ರೊಟ್ಟಿ ತೆಗೆದು, ಮಡಚಿ ನೋಡಿ, ಮುಖ ಗಂಟಿಕ್ಕಿದಳು.

"ಇದು ಕಡಕ್ ಆಗಿಲ್ಲ," ಅಂದಳು. "ಗಾಡಿ ಜರಾ ಚಾಲೂ ಮಾಡು, ತಮ್ಮಾ."